ಪಾಠ 3: ಸಂಬಳ ಎಷ್ಟು ಅಂತ ಕೇಳಿದರೆ ಸಾಲದು, ಬೇಸಿಕ್ ಎಷ್ಟು ಅಂತ ಕೇಳಿ

ಯುಎಇಗೆ ಕೆಲಸಕ್ಕೆ ಹೊರಟವರನ್ನು ಮನೆಯವರು, ನೆಂಟರು, ಎಲ್ಲರೂ ಕೇಳೋದು ಒಂದೇ ಮಾತು: "ಸಂಬಳ ಎಷ್ಟಂತೆ?" ನಾವೂ ಒಂದು ಸಂಖ್ಯೆ ಹೇಳಿ ಸುಮ್ಮನಾಗುತ್ತೇವೆ. ಆದರೆ ಐದಾರು ವರ್ಷ ಇಲ್ಲೇ ದುಡಿಯಬೇಕು ಅಂತ ಬರುವವರಿಗೆ ಆ ಒಂದು ಸಂಖ್ಯೆ ಸಾಲದು. ಕೊನೆಗೆ ಊರಿಗೆ ಹಿಂತಿರುಗುವಾಗ ಕೈಗೆ ಬರುವ ದುಡ್ಡು ಬೇರೊಂದು ಸಂಖ್ಯೆಯ ಮೇಲೆ ನಿಂತಿದೆ. ಅದೇ ಬೇಸಿಕ್, ಅಂದರೆ ಮೂಲ ವೇತನ.

ಎರಡು ಆಫರ್ ಲೆಟರ್

ಆಫರ್ ಲೆಟರ್‌ನಲ್ಲಿ ಸಂಬಳವನ್ನು ಒಡೆದು ಬರೆದಿರುತ್ತಾರೆ: ಬೇಸಿಕ್ ಇಷ್ಟು, ಮನೆ ಬಾಡಿಗೆ ಭತ್ಯೆ ಇಷ್ಟು, ಓಡಾಟದ ಭತ್ಯೆ ಇಷ್ಟು. ಒಂದು ಲೆಕ್ಕ ನೋಡೋಣ. ಇಬ್ಬರಿಗೂ ತಿಂಗಳಿಗೆ ಒಟ್ಟು 1,500 ದಿರ್ಹಮ್.

ಮೊದಲನೆಯವರು: ಬೇಸಿಕ್ 1,200, ಭತ್ಯೆ 300.
ಎರಡನೆಯವರು: ಬೇಸಿಕ್ 600, ಭತ್ಯೆ 900.

ತಿಂಗಳ ಕೊನೆಗೆ ಇಬ್ಬರ ಖಾತೆಗೂ ಬರೋದು ಅಷ್ಟೇ. ವ್ಯತ್ಯಾಸ ಗೊತ್ತಾಗೋದು ಕೆಲಸ ಬಿಡುವಾಗ.

ಗ್ರಾಚ್ಯುಟಿ ಲೆಕ್ಕ

2021ರ ಕಾರ್ಮಿಕ ಕಾನೂನಿನ ಪ್ರಕಾರ, ಖಾಸಗಿ ಕಂಪನಿಯಲ್ಲಿ ಒಂದು ವರ್ಷ ಪೂರೈಸಿದ ವಿದೇಶಿ ಕೆಲಸಗಾರರಿಗೆ ಗ್ರಾಚ್ಯುಟಿ ಸಿಗಬೇಕು. ಮೊದಲ ಐದು ವರ್ಷಕ್ಕೆ, ವರ್ಷಕ್ಕೆ 21 ದಿನದ ಬೇಸಿಕ್. ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಬೇಸಿಕ್. ಸಂಬಳವಿಲ್ಲದೆ ರಜೆ ಹಾಕಿದ ದಿನಗಳು ಲೆಕ್ಕಕ್ಕೆ ಸೇರುವುದಿಲ್ಲ.

ಇಬ್ಬರೂ 6 ವರ್ಷ ದುಡಿದರು ಅನ್ನಿ. ಐದು ವರ್ಷಕ್ಕೆ 105 ದಿನ, ಆರನೇ ವರ್ಷಕ್ಕೆ 30 ದಿನ, ಒಟ್ಟು 135 ದಿನ.

ಮೊದಲನೆಯವರ ದಿನದ ಬೇಸಿಕ್ 40 ದಿರ್ಹಮ್. ಸಿಗೋದು 5,400 ದಿರ್ಹಮ್.
ಎರಡನೆಯವರ ದಿನದ ಬೇಸಿಕ್ 20 ದಿರ್ಹಮ್. ಸಿಗೋದು 2,700 ದಿರ್ಹಮ್.

ಒಂದೇ ಸಂಬಳ, ಒಂದೇ ದುಡಿಮೆ, ಆದರೂ ಸರಿಯಾಗಿ ಅರ್ಧ! ಓವರ್‌ಟೈಮ್ ಕೂಡ ಹೀಗೆಯೇ. ಗಂಟೆಯ ಬೇಸಿಕ್‌ಗೆ ಕನಿಷ್ಠ ಶೇ. 25 ಸೇರಿಸಿ ಕೊಡಬೇಕು ಅನ್ನುತ್ತದೆ ಕಾನೂನು. ಬೇಸಿಕ್ ಕಡಿಮೆಯಾದರೆ ಓವರ್‌ಟೈಮ್ ದುಡ್ಡೂ ಕಡಿಮೆ.

ಸಹಿ ಹಾಕುವ ಮುಂಚೆ

1. ಆಫರ್ ಲೆಟರ್ ನಿಮಗೆ ಓದಲು ಬರುವ ಭಾಷೆಯಲ್ಲಿ ಇಲ್ಲದಿದ್ದರೆ ನಾಚಿಕೆ ಬೇಡ. ಬಲ್ಲವರಿಂದ ಸಾಲು ಸಾಲಾಗಿ ಓದಿಸಿಕೊಳ್ಳಿ. "ಆಮೇಲೆ ನೋಡೋಣ, ಈಗ ಸಹಿ ಹಾಕು" ಅಂದರೆ ಅಲ್ಲೇ ನಿಲ್ಲಿ.

2. ಬೇಸಿಕ್ ಕಡಿಮೆ ಇದ್ದರೆ ಆಗಲೇ ಕೇಳಿ. ಬಂದು ಸೇರಿದ ಮೇಲೆ ಅದನ್ನು ಏರಿಸಿಕೊಳ್ಳೋದು ಕಷ್ಟ.

3. ಇಲ್ಲಿ ಬಂದ ಮೇಲೆ ಸಹಿ ಹಾಕುವ ಕಾಂಟ್ರ್ಯಾಕ್ಟ್‌ನಲ್ಲಿ ಅದೇ ಬೇಸಿಕ್ ಇದೆಯೇ ಅಂತ ಹೋಲಿಸಿ ನೋಡಿ. ಎರಡರ ಫೋಟೋ ತೆಗೆದು ಮನೆಯವರ ಮೊಬೈಲಿಗೂ ಕಳಿಸಿಡಿ.

4. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಕಾನೂನುಬಾಹಿರ. ಕಾಂಟ್ರ್ಯಾಕ್ಟೇ ಇಲ್ಲದಿದ್ದರೆ ಬೇಸಿಕ್ ಎಲ್ಲಿಂದ ಬಂತು?

ಕೆಲಸ ಬಿಟ್ಟ ಮೇಲೆ 14 ದಿನದೊಳಗೆ ಕಂಪನಿ ಎಲ್ಲ ಬಾಕಿ ಚುಕ್ತಾ ಮಾಡಬೇಕು. ನೀವೇ ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿ ಹೋಗುವುದಿಲ್ಲ. ಹಣ ಕೈಗೆ ಬರುವ ಮುಂಚೆ "ಎಲ್ಲ ಸಿಕ್ಕಿದೆ" ಅನ್ನುವ ಕಾಗದಕ್ಕೆ ಸಹಿ ಹಾಕಬೇಡಿ. ಮನೆಗೆಲಸದವರಿಗೆ ಬೇರೆ ಕಾನೂನು ಇದೆ. ಈ ಲೆಕ್ಕ ಅವರಿಗೆ ಅನ್ವಯಿಸುವುದಿಲ್ಲ.

ನೀವೇ ಮಾಡಿ ನೋಡಿ

ಒಟ್ಟು ಸಂಬಳ 1,500, ಬೇಸಿಕ್ 800, ದುಡಿದದ್ದು 5 ವರ್ಷ. ಗ್ರಾಚ್ಯುಟಿ ಎಷ್ಟು? (ಉತ್ತರ: 2,800 ದಿರ್ಹಮ್.) ಈಗ ನಿಮ್ಮ ಕಾಂಟ್ರ್ಯಾಕ್ಟ್ ತೆಗೆದು ನಿಮ್ಮ ಬೇಸಿಕ್ ಹಾಕಿ ಲೆಕ್ಕ ಮಾಡಿ. ರೂಮಿನಲ್ಲಿರುವ ಗೆಳೆಯರಿಗೂ ತೋರಿಸಿಕೊಡಿ.