ಸಾಮಿಲ್ ಚೂರಿನಿಂದ ಇದ್ದಿಲು ಉಂಡೆ: ಮಾಡಬೇಕಾದ್ದು, ಮಾಡಬಾರದ್ದು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಸಾಮಿಲ್ ಮಾಲೀಕರು, ಕೆಲಸಗಾರರು, ಸ್ವಸಹಾಯ ಸಂಘದವರ ಗಮನಕ್ಕೆ.

ಇದ್ದಿಲು ಮಾಡುವಾಗಲೂ ಉರಿಸುವಾಗಲೂ ಕಾರ್ಬನ್ ಮಾನಾಕ್ಸೈಡ್ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ನಿದ್ದೆಯಲ್ಲೇ ಕೊಲ್ಲುತ್ತದೆ. ಸರಿಯಾಗಿ ಆರದ ಇದ್ದಿಲು ಚೀಲದೊಳಗೇ ಮತ್ತೆ ಹೊತ್ತಿಕೊಂಡು ಬಣವೆ, ಮನೆ, ಮಿಲ್ಲು ಸುಡುತ್ತದೆ.

ಮಾಡಬೇಕಾದ್ದು

- ಇದ್ದಿಲು ಸುಡುವ ಡ್ರಮ್ಮನ್ನು ಬಯಲಲ್ಲಿ, ಬಣವೆ ಮತ್ತು ಗುಡಿಸಲಿನಿಂದ ಕನಿಷ್ಠ 30 ಮೀಟರ್ ದೂರ ಇಡಿ.
- ಸುತ್ತಲಿನ ಒಣ ಹುಲ್ಲು, ತರಗು ಕೆತ್ತಿ ತೆಗೆಯಿರಿ.
- ಎರಡು ಡ್ರಮ್ ನೀರು, ಒಂದು ಗುಡ್ಡೆ ಮರಳು ಪಕ್ಕದಲ್ಲೇ ಇಟ್ಟುಕೊಳ್ಳಿ.
- ಬೆಂಕಿ ಇರುವಷ್ಟು ಹೊತ್ತು ಇಬ್ಬರು ಕಾವಲಿರಿ.
- ಬಣ್ಣ, ಅಂಟು ತಾಗದ ಮರದ ಚೂರನ್ನಷ್ಟೇ ಆರಿಸಿ.
- ಚೂರುಗಳಲ್ಲಿನ ಮೊಳೆ, ತಂತಿ ಕಿತ್ತು ಹಾಕಿ.
- ಚೂರನ್ನೂ ಗರಗಸದ ಹೊಟ್ಟನ್ನೂ ಬಿಸಿಲಲ್ಲಿ ಪೂರ್ತಿ ಒಣಗಿಸಿ.
- ಹೊಟ್ಟನ್ನು, ಮುಚ್ಚಳಕ್ಕೆ ತೂತು ಕೊರೆದ ತಗಡಿನ ಡಬ್ಬಿಯಲ್ಲಿ ತುಂಬಿ ಡ್ರಮ್ಮಿನಲ್ಲಿ ಚೂರುಗಳ ನಡುವೆ ಇಡಿ.
- ಬೆಂಕಿ ಹಚ್ಚಿದ ಮೇಲೆ ದಟ್ಟ ಬಿಳಿ ಹೊಗೆ ಹೋಗಿ ತೆಳು ನೀಲಿ ಹೊಗೆ ಬಂದಾಗ ಡ್ರಮ್ಮಿನ ತೂತುಗಳನ್ನು ಹಸಿ ಮಣ್ಣಿನಿಂದ ಮುಚ್ಚಿ.
- ಮುಚ್ಚಿದ ಡ್ರಮ್ಮನ್ನು 24 ಗಂಟೆ ಆರಲು ಬಿಡಿ.
- ತೆಗೆದ ಇದ್ದಿಲನ್ನು ಬಯಲಲ್ಲಿ ಹರಡಿ ಇನ್ನೊಂದು ದಿನ ಕಾಯಿರಿ.
- ಇದ್ದಿಲನ್ನು ಪುಡಿ ಮಾಡುವ ಮುನ್ನ ಅದಕ್ಕೆ ನೀರು ಚಿಮುಕಿಸಿ.
- ಮೂಗು, ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಿ.
- 10 ಕಿಲೋ ಪುಡಿಗೆ ಅರ್ಧದಿಂದ ಒಂದು ಕಿಲೋ ಮೆಕ್ಕೆಜೋಳದ ಹಿಟ್ಟಿನ ಗಂಜಿ ಬೆರೆಸಿ ಉಂಡೆ ಕಟ್ಟಿ.
- ಉಂಡೆಯನ್ನು ಒಳಗಿನ ತೇವ ಹೋಗುವವರೆಗೆ ಬಿಸಿಲಿಗೆ ಹಾಕಿ.
- ಒಲೆಯನ್ನು ಕಿಟಕಿ, ಬಾಗಿಲು ತೆರೆದ ಜಾಗದಲ್ಲಿ ಉರಿಸಿ.
- ಸಾಗಿಸುವ ಮುನ್ನ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ರಹದಾರಿ ಬಗ್ಗೆ ಕೇಳಿ. ಕರ್ನಾಟಕ ಅರಣ್ಯ ಕಾಯ್ದೆ 1963ರಲ್ಲಿ ಇದ್ದಿಲು ಅರಣ್ಯ ಉತ್ಪನ್ನ.

ಮಾಡಬಾರದ್ದು

- ಪ್ಲೈವುಡ್, ಎಂಡಿಎಫ್, ಪೇಂಟ್ ಬಳಿದ ಮರ ಬೇಡ.
- ಗೆದ್ದಲು ಔಷಧಿ ಹಾಕಿದ ಮರ ಬೇಡ.
- ಕೀಟನಾಶಕ, ಥಿನ್ನರ್ ತುಂಬಿದ್ದ ಡ್ರಮ್ಮು ಬೇಡ.
- ತೂತಿಲ್ಲದ ಡಬ್ಬಿಯನ್ನು ಬೆಂಕಿಗೆ ಇಡಬಾರದು.
- ಸಡಿಲ ಹೊಟ್ಟನ್ನು ಡ್ರಮ್ಮಿಗೆ ಒತ್ತಿ ತುಂಬಬಾರದು.
- ಹಸಿ ಮರ ಸುಡುವುದು ಬೇಡ.
- ಜೋರು ಗಾಳಿಯ ದಿನ ಬೆಂಕಿ ಹಚ್ಚುವುದು ಬೇಡ.
- ಸೀಮೆಎಣ್ಣೆ, ಪೆಟ್ರೋಲ್ ಸುರಿಯುವುದು ಬೇಡ.
- ಗುಡೇಕೋಟೆ ಕರಡಿಧಾಮದ ಅಂಚಿನಲ್ಲಿ ಡ್ರಮ್ ಹೂಡಬಾರದು.
- ಬಿಸಿ ಡ್ರಮ್ಮಿನ ಮುಚ್ಚಳ ತೆಗೆಯಬಾರದು.
- ಬಿಸಿ ಡ್ರಮ್ಮಿನೊಳಕ್ಕೆ ನೀರು ಸುರಿಯಬಾರದು.
- ಹೊಸ ಇದ್ದಿಲನ್ನು ಅದೇ ದಿನ ಚೀಲಕ್ಕೆ ತುಂಬಬಾರದು.
- ಮಿಲ್ಲಿನೊಳಗೆ, ಹೊಟ್ಟಿನ ರಾಶಿಯ ಹತ್ತಿರ ಬೀಡಿ ಬೇಡ.
- ಹಾರುವ ಪುಡಿಯ ಹತ್ತಿರ ದೀಪ, ವೆಲ್ಡಿಂಗ್ ಬೇಡ.
- ಗಟ್ಟಿಯಾಗಲೆಂದು ಮಣ್ಣು ಹೆಚ್ಚು ಬೆರೆಸುವುದು ಬೇಡ.
- ಮಲಗುವ ಕೋಣೆಗೆ ಇದ್ದಿಲು ಒಲೆ ತರಬಾರದು.
- ಮಕ್ಕಳನ್ನು ಡ್ರಮ್ಮಿನ ಹತ್ತಿರ ಬಿಡಬಾರದು.
- ಕಡಿಯಲು ಅನುಮತಿ ಇಲ್ಲದ ಮರದ ಚೂರು ಕೊಳ್ಳುವುದು ಬೇಡ.

ಅಪಾಯವಾದರೆ

- ತಲೆನೋವು, ವಾಂತಿ, ತಲೆಸುತ್ತು ಬಂದರೆ ಕೂಡಲೇ ಬಯಲಿಗೆ ಬನ್ನಿ.
- ಬಿದ್ದವರನ್ನು ಗಾಳಿಯಾಡುವ ಕಡೆ ಎಳೆದು 108ಕ್ಕೆ ಕರೆ ಮಾಡಿ.
- ಸುಟ್ಟ ಗಾಯದ ಮೇಲೆ 20 ನಿಮಿಷ ತಣ್ಣೀರು ಹರಿಸಿ.
- ಸುಟ್ಟ ಗಾಯಕ್ಕೆ ಎಣ್ಣೆ, ಪೇಸ್ಟ್, ಶಾಯಿ ಹಚ್ಚುವುದು ಬೇಡ.
- ಬೆಂಕಿ ಕೈಮೀರಿದರೆ 112ಕ್ಕೆ ಕರೆ ಮಾಡಿ, ಊರಿನವರನ್ನು ದೂರ ಸರಿಸಿ.

ಈ ಪಟ್ಟಿಯನ್ನು ಮಿಲ್ಲಿನ ಬಾಗಿಲಿಗೆ ಅಂಟಿಸಿ. ಓದಲು ಬಾರದ ಕೂಲಿಯವರಿಗೆ ಓದಿ ಹೇಳಿ. ಮೊದಲ ಡ್ರಮ್ಮಿಗೆ ಬೆಂಕಿ ಹಚ್ಚುವ ಮುನ್ನ ಹೇಳಿ.