ನಿಂತಾಗ ಸೋರುತ್ತದೆಯೇ, ಓಡುವಾಗ ಸೋರುತ್ತದೆಯೇ?: ‘ಘರ್ಷಣೆ’ ಘಟಕಕ್ಕೆ ಬಂದ ಒಂದು ಹಳೆಯ ಕಾರು

ಅಭ್ಯಾಸ ಬೋಧನೆಗೆ ನನಗೆ ದೊರೆತದ್ದು ಅಕ್ಕಿಹೆಬ್ಬಾಳು ಭಾಗದ ಒಂದು ಪ್ರೌಢಶಾಲೆಯ 8ನೇ ತರಗತಿ. ಘಟಕ ‘ಘರ್ಷಣೆ’, ಉಪಘಟಕ ಕೀಲೆಣ್ಣೆಗಳ ಬಳಕೆ. ಮೊದಲ ಪಾಠದಲ್ಲಿ “ಯಂತ್ರಗಳಿಗೆ ಎಣ್ಣೆ ಏಕೆ ಹಾಕುತ್ತಾರೆ?” ಎಂದು ಕೇಳಿದೆ. “ಘರ್ಷಣೆ ಕಡಿಮೆ ಮಾಡಲು” ಎಂದು ಇಡೀ ತರಗತಿ ಒಕ್ಕೊರಲಿನಿಂದ ಹೇಳಿತು. ಉದ್ದೇಶ ಈಡೇರಿತೆಂದು ಪಾಠಯೋಜನೆಯಲ್ಲಿ ಗುರುತು ಹಾಕಿದೆ. ಪಾಠ ಮುಗಿದ ಮೇಲೆ ಮಾರ್ಗದರ್ಶಕ ಉಪನ್ಯಾಸಕರು ಕೇಳಿದ್ದು ಒಂದೇ ಪ್ರಶ್ನೆ: “ಇದು ನೀವು ತರಗತಿಗೆ ಬರುವುದಕ್ಕೆ ಮುಂಚೆಯೇ ಅವರಿಗೆ ಗೊತ್ತಿತ್ತಲ್ಲಮ್ಮ?” ನನ್ನಲ್ಲಿ ಉತ್ತರವಿರಲಿಲ್ಲ. ಹೊಲದಲ್ಲಿ ಟಿಲ್ಲರ್, ಆಲೆಮನೆಯಲ್ಲಿ ಗಾಣ, ಬಾವಿಯ ಮೇಲೆ ಮೋಟಾರು ನೋಡಿಯೇ ಬೆಳೆದ ಮಕ್ಕಳು ಅವರು.

ಅದೇ ವಾರ ನಮ್ಮ ದೊಡ್ಡಪ್ಪನ ಕಾರು ಎಣ್ಣೆ ಸೋರಿಸತೊಡಗಿತು. ಅದು 2003ರ ಮಾರುತಿ 800. ಈ ಮಾದರಿಯ ತಯಾರಿಕೆ 1983ರ ಕೊನೆಗೆ ಆರಂಭವಾಗಿ 2014ರಲ್ಲಿ ನಿಂತಿತು. ಮೂರು ಸಿಲಿಂಡರಿನ 796 ಸಿಸಿ ಎಂಜಿನ್. ನಮ್ಮ ಕಡೆ ಇನ್ನೂ ಹಲವು ಮನೆಗಳ ಮುಂದೆ ಇಂಥ ಕಾರುಗಳಿವೆ. ದೊಡ್ಡಮ್ಮನನ್ನು ಕಣ್ಣಿನ ತಪಾಸಣೆಗೆ ಮೈಸೂರಿಗೆ ಕರೆದೊಯ್ಯುವುದು ಇದರಲ್ಲೇ. ಒಂದು ಬೆಳಿಗ್ಗೆ ಅಂಗಳದಲ್ಲಿ ಅಂಗೈಯಷ್ಟು ಅಗಲದ ಕಪ್ಪು ಕಲೆ ಕಂಡಿತು, ಮರುದಿನ ತಟ್ಟೆಯಷ್ಟಾಯಿತು. ತೋರಿಸಿದ ಮೊದಲ ಗ್ಯಾರೇಜಿನಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಜೋಡಣೆಯಿಂದ ಹನಿ ಬೀಳುವುದನ್ನು ನೋಡಿ, “ಹಿಂದಿನ ಆಯಿಲ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು” ಎಂದರು. ಆ ಸೀಲಿನ ಬೆಲೆ ಕಡಿಮೆ, ಅದನ್ನು ತಲುಪುವ ಕೂಲಿ ಹೆಚ್ಚು. ದೊಡ್ಡಪ್ಪ ಗುಜರಿಗೆ ಹಾಕುವ ಮಾತಾಡಿದರು. “ಆಯಿಲ್ ದೀಪ ಹತ್ತಿಲ್ಲವಲ್ಲ, ಇರುವಷ್ಟು ದಿನ ಓಡಲಿ ಬಿಡು” ಎಂದೂ ಸೇರಿಸಿದರು.

ಆ ಮಾತು ನನ್ನನ್ನು ಚುಚ್ಚಿತು, ಏಕೆಂದರೆ ‘ಎಣ್ಣೆ ಕಡಿಮೆಯಾದರೆ ದೀಪ ಹತ್ತುತ್ತದೆ’ ಎಂದು ನನ್ನ ಪಾಠಯೋಜನೆಯಲ್ಲೂ ಬರೆದಿದ್ದೆ. ಅದು ತಪ್ಪು. ಇಂಥ ಕಾರುಗಳಲ್ಲಿ ಆ ದೀಪ ಅಳೆಯುವುದು ಎಣ್ಣೆಯ ಮಟ್ಟವನ್ನಲ್ಲ, ಒತ್ತಡವನ್ನು. ತಳದ ಚೇಂಬರಿನಿಂದ ಪಂಪು ಎಣ್ಣೆಯ ಜೊತೆ ಗಾಳಿಯನ್ನೂ ಎಳೆಯುವಷ್ಟು ಮಟ್ಟ ಇಳಿದಾಗ ಮಾತ್ರ ಒತ್ತಡ ಬೀಳುತ್ತದೆ, ಆಗ ದೀಪ ಹತ್ತುತ್ತದೆ. ಅಷ್ಟು ಹೊತ್ತಿಗೆ ಬೇರಿಂಗುಗಳಲ್ಲಿ ಲೋಹಕ್ಕೆ ಲೋಹ ಉಜ್ಜಲು ಶುರುವಾಗಿರಬಹುದು. ಓಡುವಾಗ ದೀಪ ಹತ್ತಿದರೆ ತಕ್ಷಣ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು, ಮುಂದಿನ ಊರಿನವರೆಗೆ ಎನ್ನುವಂತಿಲ್ಲ. ಮಟ್ಟ ನೋಡಲು ಆಯಿಲ್ ಕಡ್ಡಿಯೇ ಬೇಕು: ಸಮತಟ್ಟಾದ ನೆಲ, ಎಂಜಿನ್ ಆರಿಸಿ ಕೆಲವು ನಿಮಿಷ, ಕಡ್ಡಿ ಒರೆಸಿ ಮತ್ತೆ ಅದ್ದಿ ನೋಡುವುದು. ನೋಡಿದಾಗ ಕೆಳಗಿನ ಗುರುತಿಗಿಂತಲೂ ಕೆಳಗಿತ್ತು. ಎಣ್ಣೆ ತುಂಬಿಸಿದೆವು, ಕಾರನ್ನು ನಿಲ್ಲಿಸಿಬಿಟ್ಟೆವು.

ಎರಡನೇ ಪಾಠಕ್ಕೆ ಇದನ್ನೇ ಸಮಸ್ಯೆಯಾಗಿ ಇಟ್ಟೆ. ಕಾರಿನ ಕಥೆಯನ್ನಷ್ಟೇ ಹೇಳಿ, “ಎಲ್ಲಿಂದ ಸೋರುತ್ತಿರಬಹುದು? ತಿಳಿಯಲು ನನ್ನನ್ನು ಏನು ಕೇಳುತ್ತೀರಿ?” ಎಂದೆ. ಉತ್ತರ ಹೇಳುವಂತಿಲ್ಲ, ಪ್ರಶ್ನೆ ಮಾತ್ರ ಕೇಳಬೇಕು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಪ್ರಶಿಕ್ಷಣಾರ್ಥಿಗೆ ಅಂಥ ಮೌನ ಬಹಳ ಉದ್ದ ಎನಿಸುತ್ತದೆ. ಕೊನೆಗೆ ಹಿಂದಿನ ಬೆಂಚಿನಿಂದ, ಅಣ್ಣ ಟ್ರ್ಯಾಕ್ಟರ್ ರಿಪೇರಿ ಮಾಡುವ ಹುಡುಗನೊಬ್ಬ ಕೇಳಿದ: “ಮಿಸ್, ನಿಂತಿರುವಾಗ ಸೋರ್ತದಾ, ಓಡುವಾಗ ಸೋರ್ತದಾ?”

ಪಾಠವೆಲ್ಲ ಆ ಪ್ರಶ್ನೆಯಲ್ಲೇ ಇತ್ತು. ನಿಂತ ಎಂಜಿನ್ನಿನಲ್ಲಿ ಹೆಚ್ಚಿನ ಎಣ್ಣೆ ಚೇಂಬರಿನಲ್ಲಿ ಕುಳಿತಿರುತ್ತದೆ. ರಾತ್ರಿಯೆಲ್ಲ ಹನಿ ಬೀಳುತ್ತಿದ್ದರೆ ಎಣ್ಣೆಯ ಮಟ್ಟಕ್ಕಿಂತ ಕೆಳಗಿರುವ ಡ್ರೈನ್ ಬೋಲ್ಟು, ಚೇಂಬರ್ ಪ್ಯಾಕಿಂಗ್ ಇವುಗಳ ಮೇಲೆ ಅನುಮಾನ. ಓಡುವಾಗ ಮಾತ್ರ ಸೋರಿದರೆ ಪಂಪು ಒತ್ತಡದಿಂದ ಎಣ್ಣೆ ನೂಕುವ ದಾರಿಯ ಮೇಲೆ, ಅಂದರೆ ಫಿಲ್ಟರ್, ದೀಪಕ್ಕೆ ಸುದ್ದಿ ಕೊಡುವ ಒತ್ತಡದ ಸ್ವಿಚ್ಚು ಇವುಗಳ ಮೇಲೆ ಅನುಮಾನ. ಎಂಜಿನ್ ತಿರುಗುವಾಗ ಎಣ್ಣೆ ಎರಚುವ ಕಡೆಗಳಾದ ಹೆಡ್ ಕವರ್ ಪ್ಯಾಕಿಂಗ್, ಆಯಿಲ್ ಸೀಲುಗಳನ್ನೂ ಬಿಡುವಂತಿಲ್ಲ.

ಇದನ್ನು ತೋರಿಸಲು ಎರಡು ಉಪಕರಣ ಒಯ್ದಿದ್ದೆ. ಒಂದು, ತಳದ ಬಳಿ ಸಣ್ಣ ತೂತು ಮಾಡಿ ಎಣ್ಣೆ ತುಂಬಿದ ನೀರಿನ ಬಾಟಲಿ. ಇನ್ನೊಂದು, ಸೂಜಿಯಿಂದ ಒಮ್ಮೆ ಚುಚ್ಚಿ, ತುದಿ ಮಡಚಿ ಕಟ್ಟಿದ ಸಲೈನ್ ಕೊಳವೆಗೆ ಸೇರಿಸಿದ ಸಿರಿಂಜು. ಸಿರಿಂಜು ಒತ್ತಿದಾಗ ಚುಚ್ಚಿದ ಕಡೆ ಎಣ್ಣೆ ಜಿನುಗಿತು, ಬಿಟ್ಟಾಗ ನಿಂತಿತು. ಆದರೆ ನಿಂತಲ್ಲೇ ಸೋರಬೇಕಿದ್ದ ಬಾಟಲಿ ಒಂದೆರಡು ಹನಿ ಬಿಟ್ಟು ಸುಮ್ಮನಾಯಿತು. ಹಿಂದೆ ವೀಕ್ಷಕರು ಕುಳಿತಿದ್ದಾರೆ, ನನ್ನ ಕೈ ಬೆವರಿತು. ಮುಂದಿನ ಸಾಲಿನ ಹುಡುಗಿ, “ಮಿಸ್, ಮುಚ್ಚಳ ತೆಗೀರಿ” ಎಂದಳು. ತೆಗೆದ ಕೂಡಲೇ ಧಾರೆ ಹರಿಯಿತು. ವಾತಾವರಣದ ಒತ್ತಡವನ್ನು ‘ಬಲ ಮತ್ತು ಒತ್ತಡ’ ಘಟಕದಲ್ಲಿ ಅವರು ಓದಿದ್ದರು, ನಾನು ಮರೆತಿದ್ದೆ. ಎಂಜಿನ್ನಿಗೂ ಉಸಿರಾಡುವ ದಾರಿ ಇರುತ್ತದೆಂದು ಅಲ್ಲೇ ಸೇರಿಸಿದೆ. ಪಿಸ್ಟನ್ ಪಕ್ಕದಿಂದ ನುಸುಳಿದ ಅನಿಲ ಹೊರಹೋಗುವ ಆ ದಾರಿ ಮಸಿಯಿಂದ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಗಟ್ಟಿಯಾಗಿದ್ದ ಸೀಲುಗಳಿಂದಲೂ ಎಣ್ಣೆ ಹೊರಬರುತ್ತದೆ. ಹಳೆಯ ಕಾರಿನಲ್ಲಿ ಒಂದೇ ಸಲ ನಾಲ್ಕು ಕಡೆ ಸೋರಿದರೆ ಮೊದಲು ಇದನ್ನು ನೋಡಬೇಕು. ಇದು ಯೋಜನೆಯಲ್ಲಿ ಇರಲಿಲ್ಲ, ಆದರೂ ಆ ದಿನದ ಅತ್ಯುತ್ತಮ ಭಾಗ ಇದೇ ಆಯಿತು.

ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಕಾರನ್ನು ಹಿಂದಿನ ಸಂಜೆಯೇ ಶಾಲೆಯ ಅಂಗಳದಲ್ಲಿ ನಿಲ್ಲಿಸಿ ಅಡಿಗೆ ಹಳೆಯ ದಿನಪತ್ರಿಕೆ ಹಾಸಿದೆವು. ಹ್ಯಾಂಡ್ ಬ್ರೇಕ್ ಎಳೆದು ಚಕ್ರಗಳಿಗೆ ಕಲ್ಲು ಕೊಟ್ಟೆವು. ಕಾರಿನಡಿ ಯಾರೂ ನುಸುಳಬಾರದು, ಬಿಸಿ ಎಂಜಿನ್ ಮುಟ್ಟಬಾರದು ಎಂಬುದು ನಿಯಮ. (ಅದೇ ಟ್ರ್ಯಾಕ್ಟರ್ ಹುಡುಗ ಎರಡು ಸಲ ನುಸುಳಲು ನೋಡಿದ.) ಬೆಳಿಗ್ಗೆ ಕಾಗದದ ಮೇಲೆ ಒಂದೇ ಸಣ್ಣ ಕಲೆ. ನೀರಿನದಲ್ಲ, ಒಣಗಿರಲಿಲ್ಲ, ಬೆಳಕಿಗೆ ಹಿಡಿದರೆ ಕಾಗದ ಪಾರದರ್ಶಕವಾಗಿ ಕಂಡಿತು. ಹೊಸ ಕಾಗದ ಹಾಸಿ ತಣ್ಣಗಿದ್ದ ಎಂಜಿನ್ ಚಾಲೂ ಮಾಡಿದಾಗ ಕೆಲವೇ ನಿಮಿಷದಲ್ಲಿ ಹನಿಗಳು ಸಾಲಾಗಿ ಬಿದ್ದವು. ತಣ್ಣಗಿರುವಾಗ ಎಣ್ಣೆ ಮಂದ, ಆಗ ಒತ್ತಡ ಹೆಚ್ಚು. ಬಿಸಿಯಾದಂತೆ ಹನಿಯ ವೇಗ ಇಳಿಯಿತು. ನಿಂತಾಗ ಸೋರುವ ಗುಂಪಿನ ಮೇಲಿನ ಅನುಮಾನವನ್ನು ಮಕ್ಕಳು ತಾವೇ ಕೈಬಿಟ್ಟರು.

ಇನ್ನು ಗ್ಯಾರೇಜಿನ ತೀರ್ಮಾನ. ಹನಿ ಬೀಳುವ ಜಾಗವೇ ಸೋರುವ ಜಾಗವೆಂದು ಅಲ್ಲಿ ಹಿಡಿದಿದ್ದರು. ಆದರೆ ಎಣ್ಣೆ ಮೇಲಿನಿಂದ ಇಳಿದು, ಚೇಂಬರಿನ ಅಂಚಿನಲ್ಲಿ ಹರಿದು, ಗಾಳಿಗೆ ಹಿಂದಕ್ಕೆ ತಳ್ಳಿಸಿಕೊಂಡು, ಎಲ್ಲಕ್ಕಿಂತ ತಗ್ಗಿನ ಮೂಲೆಯಲ್ಲಿ ಹನಿಯಾಗುತ್ತದೆ. ಹೆಂಚಿನ ಮನೆಯಲ್ಲಿ ಮಳೆನೀರು ಬೀಳುವ ಕಡೆಯೇ ಹೆಂಚು ಒಡೆದಿರುವುದಿಲ್ಲ ಎಂದು ಮಕ್ಕಳಿಗೆ ಹೇಳಿಕೊಡಬೇಕಾಗಲಿಲ್ಲ. ಹುಡುಕಬೇಕಾದದ್ದು ಒದ್ದೆಯಾದ ಭಾಗದಲ್ಲಿ ಎಲ್ಲಕ್ಕಿಂತ ಮೇಲಿನ ಬಿಂದುವನ್ನು. ಅಷ್ಟರಲ್ಲಿ ಒಬ್ಬಳು ಕೇಳಿದಳು: “ಮಿಸ್, ಇದಕ್ಕೆ ಮುಂಚೆ ಯಾರಾದರೂ ಎಂಜಿನ್ ಮುಟ್ಟಿದ್ರಾ?” ಪಕ್ಕದಲ್ಲಿದ್ದ ದೊಡ್ಡಪ್ಪ, “ಹೋದ ವಾರ ಆಯಿಲ್ ಬದಲಾಯಿಸಿದ್ದು ಕಣವ್ವ” ಎಂದರು. ಇಷ್ಟು ದಿನ ನಾನಾಗಲಿ ಗ್ಯಾರೇಜಿನವರಾಗಲಿ ಅವರನ್ನು ಇದನ್ನು ಕೇಳಿರಲಿಲ್ಲ.

ಎಂಜಿನ್ ಪೂರ್ತಿ ತಣಿದ ಮೇಲೆ ಕೊಳೆ ಒರೆಸಿ ಒಣಗಿಸಿ, ಅನುಮಾನದ ಜಾಗಗಳಿಗೆಲ್ಲ ಟಾಲ್ಕಂ ಪೌಡರ್ ಹಚ್ಚಿ, ಮತ್ತೆ ಸ್ವಲ್ಪ ಹೊತ್ತು ಚಾಲೂ ಮಾಡಿ ಆರಿಸಿದೆವು. ಹೆಡ್ ಕವರ್ ಬಿಳಿಯಾಗಿಯೇ ಇತ್ತು. ಫಿಲ್ಟರಿನ ಅಂಚಿನಿಂದ ಕೆಳಕ್ಕೆ ಮಾತ್ರ ಕಪ್ಪು ಗೆರೆ ಇಳಿದಿತ್ತು. ಮಧ್ಯಾಹ್ನ ಬೇರೊಬ್ಬ ಮೆಕ್ಯಾನಿಕ್ ಫಿಲ್ಟರ್ ಬಿಚ್ಚಿದಾಗ ಒಂದರ ಮೇಲೊಂದು ಎರಡು ರಬ್ಬರ್ ಉಂಗುರಗಳು ಸಿಕ್ಕವು. ಆಯಿಲ್ ಬದಲಿಸುವಾಗ ಹಳೆಯ ಉಂಗುರ ಎಂಜಿನ್ನಿಗೇ ಅಂಟಿ ಉಳಿದಿತ್ತು, ಅದರ ಮೇಲೆಯೇ ಹೊಸ ಫಿಲ್ಟರ್ ಬಿಗಿದಿದ್ದರು. ಗೇರ್‌ಬಾಕ್ಸ್ ಇಳಿಸುವುದು ತಪ್ಪಿತು. ಹೊಸ ಫಿಲ್ಟರ್, ಅದರ ಒಂದೇ ಉಂಗುರ, ಸ್ವಲ್ಪ ಎಣ್ಣೆ, ಅಷ್ಟೇ ಖರ್ಚು.

ಉಂಗುರಗಳೆರಡನ್ನೂ ಮರುದಿನ ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸಿದೆ. “ಎರಡಿದ್ದರೆ ಇನ್ನೂ ಬಿಗಿಯಾಗಬೇಕಲ್ವಾ ಮಿಸ್?” ಎಂಬ ಪ್ರಶ್ನೆ ಬಂತು. ಫಿಲ್ಟರಿನ ಬಾಯಲ್ಲಿ ಒಂದು ಉಂಗುರ ಕೂರುವಷ್ಟೇ ಗಾಡಿ ಇದೆ. ಎರಡನೆಯದಕ್ಕೆ ಹಿಡಿತವಿಲ್ಲ, ಎಣ್ಣೆಯ ಒತ್ತಡ ಅದನ್ನು ಪಕ್ಕಕ್ಕೆ ಸರಿಸುತ್ತದೆ. ರಬ್ಬರಿನ ಮೇಲೆ ರಬ್ಬರ್, ನಡುವೆ ಎಣ್ಣೆ: ಅಲ್ಲಿ ಘರ್ಷಣೆ ಹೆಚ್ಚೋ ಕಡಿಮೆಯೋ ಎಂದು ತಿರುಗಿ ಕೇಳಿದೆ. ಈ ಸಲ ಒಕ್ಕೊರಲ ಉತ್ತರ ಬರಲಿಲ್ಲ, ವಾದ ನಡೆಯಿತು.

ಮೌಲ್ಯಮಾಪನಕ್ಕೆ ಬರೆದಿಟ್ಟಿದ್ದ ಐದು ಪ್ರಶ್ನೆಗಳನ್ನು ಕೇಳಲು ಹೊತ್ತು ಸಾಲಲಿಲ್ಲ. ವೀಕ್ಷಣಾ ಟಿಪ್ಪಣಿಯಲ್ಲಿ ಅದನ್ನು ಕೊರತೆಯೆಂದೇ ಬರೆದಿದ್ದಾರೆ, ಅದು ಸರಿ. ಎರಡು ದಿನ ಬಿಟ್ಟು ಟ್ರ್ಯಾಕ್ಟರ್ ಹುಡುಗ ಮಡಚಿದ ದಿನಪತ್ರಿಕೆಯೊಂದನ್ನು ತಂದ. ಮನೆಯ ಟಿಲ್ಲರಿನಡಿ ರಾತ್ರಿ ಹಾಸಿದ್ದನಂತೆ. ಮೂರು ಕಲೆಗಳಿದ್ದವು, ಒಂದೊಂದರ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಹೊತ್ತು ಬರೆದಿದ್ದ.