ಭಾರ ಎತ್ತುವ ಮೊದಲು ಬಗ್ಗುವುದನ್ನು ಕಲಿತೆ

ಐವತ್ತರ ಹತ್ತಿರ ಬಂದ ಹೆಂಗಸರೆಲ್ಲ ಭಾರ ಎತ್ತುವುದನ್ನು ಕಲಿಯಬೇಕೆಂದು ಈಗ ಕಂಡಕಂಡವರಿಗೆಲ್ಲ ಹೇಳುತ್ತೇನೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಮೂಳೆ ಬೇಗಬೇಗ ಸವೆಯುತ್ತದೆ. ವಾಕಿಂಗ್ ಒಳ್ಳೆಯದೇ, ಆದರೆ ಅದೊಂದೇ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಯಸ್ಕರಿಗೆ ವಾರದಲ್ಲಿ ಕನಿಷ್ಠ 2 ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕೆನ್ನುತ್ತದೆ.

ಜಿಮ್‌ನಲ್ಲಿ ಸ್ಕ್ವಾಟ್ ನನಗೆ ಸುಲಭವಾಗಿ ಒಲಿಯಿತು. ಕುಕ್ಕರಗಾಲಲ್ಲಿ ಕೂತು ಬಟ್ಟೆ ಒಗೆದು, ಪಾತ್ರೆ ತಿಕ್ಕಿ ಬೆಳೆದ ಮೈ; ಕೆಳಗಿಳಿಯುವುದು ಅದಕ್ಕೆ ಗೊತ್ತೇ ಇತ್ತು. ಕಷ್ಟವಾದದ್ದು ನೆಲದಿಂದ ರಾಡು ಎತ್ತುವ ಡೆಡ್‌ಲಿಫ್ಟ್. ಕಸ ಗುಡಿಸುವಾಗ, ರಂಗೋಲಿ ಹಾಕುವಾಗ ನಾವು ಬಗ್ಗುವುದು ಬೆನ್ನನ್ನು ಬಿಲ್ಲಿನಂತೆ ಬಾಗಿಸಿಯೇ. ಹಾಗಾಗಿ ನನ್ನ ಕೋಚ್ ಮೊದಲಿಗೆ ಭಾರವನ್ನೇ ಕೊಡಲಿಲ್ಲ. ಉದ್ದನೆಯ ಕೋಲೊಂದನ್ನು ಬೆನ್ನಿಗೆ ಹಿಡಿಸಿದರು. ತಲೆಯ ಹಿಂಭಾಗ, ಹೆಗಲುಗಳ ನಡುವೆ, ಬೆನ್ನುಮೂಳೆಯ ಬುಡ, ಈ ಮೂರೂ ಕಡೆ ಕೋಲು ತಾಗಿಯೇ ಇರಬೇಕು. “ಮೇಡಂ, ಸೊಂಟ ಹಿಂದಕ್ಕೆ ಹೋಗ್ಲಿ, ಬೆನ್ನು ಬಗ್ಗಿಸ್ಬೇಡಿ” ಎಂದು ದಿನವೂ ಅದೇ ಪಾಠ. ಮಂಡಿ ಸ್ವಲ್ಪವೇ ಮಡಚಿ, ಹಿಂದಿರುವ ಬಾಗಿಲನ್ನು ಕುಂಡೆಯಿಂದ ಮುಚ್ಚುವಂತೆ ಸರಿದಾಗ ತೊಡೆಯ ಹಿಂಬದಿ ಬಿಗಿಯಾಗಿ ಎಳೆಯಿತು. ಆ ಎಳೆತ ಸಿಕ್ಕಿದರೆ ಅರ್ಧ ಡೆಡ್‌ಲಿಫ್ಟ್ ಬಂದಂತೆಯೇ.

ಆಮೇಲೆ ಉಸಿರು. ರಾಡು ನೆಲ ಬಿಡುವ ಮುನ್ನ ಹೊಟ್ಟೆ, ಪಕ್ಕೆ ತುಂಬುವಂತೆ ಉಸಿರೆಳೆದು ಬಿಗಿಹಿಡಿದರೆ ನಡುವಿಗೆ ಒಳಗಿನಿಂದಲೇ ಆಸರೆ ಸಿಗುತ್ತದೆ. ಹೀಗೆ ಉಸಿರು ಕಟ್ಟಿದಾಗ ರಕ್ತದೊತ್ತಡ ಏರುವುದರಿಂದ ಬಿಪಿ ಇರುವವರು ಮೊದಲೇ ವೈದ್ಯರನ್ನು ಕೇಳಬೇಕು.

ಮೊದಲ ವಾರಗಳಲ್ಲಿ ನಾನು ಎತ್ತುವ ತೂಕ ಸರಸರನೆ ಏರಿತು, ತೋಳಿನ ಗಾತ್ರ ಮಾತ್ರ ಇದ್ದಷ್ಟೇ. ಅದು ಸಹಜ. ಆರಂಭದ ಬಲ ಹೆಚ್ಚಾಗಿ ನರಗಳ ಕಲಿಕೆ. ಇರುವ ಸ್ನಾಯುವನ್ನೇ ಒಟ್ಟಾಗಿ ದುಡಿಸುವುದನ್ನು ಮೈ ಕಲಿಯುತ್ತದೆ. ಹಾಗಾಗಿಯೇ ಹಗುರ ತೂಕದಲ್ಲಿ ಒಂದೇ ಚಲನೆಯನ್ನು ಚೊಕ್ಕವಾಗಿ ಮತ್ತೆಮತ್ತೆ ಮಾಡುವುದಕ್ಕೆ ಅಷ್ಟು ಬೆಲೆ.

ತಲೆಯ ಮೇಲಕ್ಕೆ ಎತ್ತುವ ಪ್ರೆಸ್ ಮಾತ್ರ ಬಹಳ ನಿಧಾನ. ಎರಡೂ ಬದಿಗೆ 2.5 ಕಿಲೋ ಪ್ಲೇಟು ಸೇರಿಸಿದರೆ ಒಮ್ಮೆಲೇ 5 ಕಿಲೋ ಏರುತ್ತದೆ, ಹೆಂಗಸರ ಹೆಗಲಿಗೆ ಅದು ದೊಡ್ಡ ನೆಗೆತ. 1.25 ಕಿಲೋದ ಪ್ಲೇಟುಗಳು ಪ್ರತಿ ಜಿಮ್‌ನಲ್ಲೂ ಇರಲೇಬೇಕು. ಸೇರುವ ಮೊದಲು ಇವೆಯೇ ಎಂದು ಕೇಳಿ ನೋಡಿ.

ಊಟವೂ ಬದಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ ಸಾಮಾನ್ಯರಿಗೆ ದೇಹತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ಭಾರ ಎತ್ತುವವರಿಗೆ ಇನ್ನೂ ಹೆಚ್ಚು. ತಿಳಿಸಾರು ಅನ್ನದಿಂದ ಅದು ಆಗದ ಮಾತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 50 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ ಸುಮಾರು 26 ಗ್ರಾಂ ಇರುತ್ತದೆ. ಮೊಟ್ಟೆ ಮುಟ್ಟದ ನನ್ನ ಅತ್ತಿಗೆ ಈಗ ಸೋಯಾ ಪಲ್ಯ ಮಾಡಿಕೊಂಡು ನನ್ನೊಂದಿಗೇ ಜಿಮ್‌ಗೆ ಬರುತ್ತಾರೆ. ಕೋಲಿನ ಪಾಠ ಅವರಿಗೀಗ ಶುರುವಾಗಿದೆ.